ಹಳದಿ ಎಲೆಯೂ ದೊಡ್ಡಪ್ಪನ ಹಟವೂ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎದೆಮಟ್ಟದ ಮೆಕ್ಕೆಜೋಳದ ನಡುವೆ ಹೆಂಗಸೊಬ್ಬರು ಒಂದೊಂದೇ ಗಿಡದ ಸುಳಿ ಬಿಡಿಸಿ ಇಣುಕುತ್ತಿದ್ದಾರೆ. ಇಬ್ಬನಿಗೆ ತೋಳು ತೊಯ್ದಿದೆ. ಎಲೆಯಂಚು ಗೀರಿ ಮೊಣಕೈವರೆಗೂ ಉರಿ. ಬದುವಿನ ಮೇಲೆ ಅವರ ದೊಡ್ಡಪ್ಪ ಔಷಧಿ ಪಂಪು ಬೆನ್ನಿಗೇರಿಸಿ ಸಜ್ಜಾಗಿ ನಿಂತಿದ್ದಾರೆ.

"ಎಲೆ ಹಳದಿಯಾಗಿರೋದು ಹುಳದಿಂದ ತಾನೇ? ಹೊಡೆದುಬಿಡ್ಲಾ?"

"ಮೊದಲು ನೋಡೋಕಾದ್ರೂ ಬಿಡಿ ದೊಡ್ಡಪ್ಪ!"

ಊರಿಗೆಲ್ಲ ಇವರು ಸುಳಿಯಕ್ಕ. ಬೆಳೆಗಾರರ ಸಂಘದಲ್ಲಿ ಬೆಳೆ ನೋಡುವ ಕೆಲಸಕ್ಕೆ ಸೇರಿ ಹನ್ನೆರಡು ವರ್ಷ. ಬಿತ್ತನೆಗೂ ಕೊಯ್ಲಿಗೂ ನಡುವಿನ ದಿನಗಳಲ್ಲಿ ದಿನಕ್ಕೆ ಎಂಟು ಹೊಲ, ಹೊಲಕ್ಕೆ ನೂರು ಗಿಡ. ಹುಳ ಎಷ್ಟಿದೆ, ಗೊಬ್ಬರ ಸಾಕೋ ಬೇಕೋ, ನೀರು ಹೆಚ್ಚೋ ಕಡಿಮೆಯೋ ನೋಡಿ ಹೇಳಬೇಕು. ಹೇಳುವುದೇನೋ ಸುಲಭ, ಒಪ್ಪಿಸುವಷ್ಟರಲ್ಲಿ ಜೀವ ಹೈರಾಣ. "ಕರೆಯೋದು ನನ್ನನ್ನ, ಕೇಳೋದು ಪಕ್ಕದ ಹೊಲದವನ ಮಾತು," ಎಂದು ಸಿಡುಕುತ್ತಾರೆ.

ಅಪ್ಪ ತೀರಿಕೊಂಡ ಮೇಲೆ ಇವರನ್ನು ಸಾಕಿ ಓದಿಸಿದವರು ಈ ದೊಡ್ಡಪ್ಪನೇ. ಬೇರೆಯವರಿಗೆ ಗದರಿದಂತೆ ಇಲ್ಲಿ ಗದರುವಂತಿಲ್ಲ.

ನೂರರಲ್ಲಿ ಹುಳ ಸಿಕ್ಕಿದ್ದು ಎರಡೇ ಗಿಡದಲ್ಲಿ. ಹಳದಿಗಟ್ಟಿದ ಗಿಡವೊಂದನ್ನು ಕಿತ್ತು ಮೂಸುತ್ತಾರೆ. ಬೇರು ಕಂದುಬಣ್ಣ, ಕೊಳೆತ ವಾಸನೆ. ಸಾಲುಗಳ ನಡುವೆ ನೀರು ನಿಂತಿದೆ. ಹೂ ಬರಲು ಹತ್ತೇ ದಿನ. ಈಗ ಬೇರು ಸೋತರೆ ತೆನೆ ಕಟ್ಟುವುದಿಲ್ಲ.

"ನೀರು ನಿಲ್ಸಿ. ಬದು ಒಡೆದು ಇದನ್ನ ಹೊರಗೆ ಬಿಡಿ."

"ನೀನು ಹುಟ್ಟೋಕೆ ಮೊದಲಿಂದ ಜೋಳ ಬೆಳೀತಿದ್ದೀನಿ. ನೀರು ಕುಡಿದು ಯಾವ ಗಿಡ ಸತ್ತಿದೆ ಹೇಳು?" ಎನ್ನುತ್ತ ದೊಡ್ಡಪ್ಪ ಪಂಪಿನ ಹಿಡಿಗೆ ಕೈ ಹಾಕುತ್ತಾರೆ.

ಸುಳಿಯಕ್ಕನ ತಾಳ್ಮೆ ಅಲ್ಲಿಗೆ ಮುಗಿಯುತ್ತದೆ. ಪಂಪಿನ ಮೂತಿ ತಿರುಚಿ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಗುದ್ದಲಿ ಎತ್ತಿಕೊಂಡು ತಾವೇ ಬದು ಒಡೆಯುತ್ತಾರೆ. ಕೆಸರುನೀರು ಬುಳುಬುಳು ಹರಿಯುತ್ತದೆ. ದೊಡ್ಡಪ್ಪ ಮೂತಿಯಿಲ್ಲದ ಪಂಪು ಹೊತ್ತು ಮನೆಯ ಕಡೆ ನಡೆಯುತ್ತಾರೆ.

ಮುಂದೆ ಐದು ದಿನ ಮಾತಿಲ್ಲ, ಕತೆಯಿಲ್ಲ. ಕೊನೆಗೆ ದೊಡ್ಡಮ್ಮನೇ ಫೋನು ಮಾಡುತ್ತಾರೆ: "ಕೂತ್ರೂ ನಿಂತ್ರೂ ನಿನ್ನನ್ನೇ ಬೈತಾರೆ ಕಣೆ. ಆದ್ರೆ ದಿನಾ ಹೋಗಿ ಕಾಲುವೆ ತೋಡಿ ಬರ್ತಿದ್ದಾರೆ."

ಒಂಬತ್ತನೇ ದಿನ ಹೊಲಕ್ಕೆ ಹೋದರೆ ಹೊಸ ಎಲೆ ಹಸಿರಾಗಿ ಬಂದಿದೆ. ದೊಡ್ಡಪ್ಪ ಪಕ್ಕದ ಹೊಲದವನಿಗೆ ಪಾಠ ಮಾಡುತ್ತಿದ್ದಾರೆ: "ಬೇರಿಗೂ ಉಸಿರಾಡೋಕೆ ಗಾಳಿ ಬೇಕಪ್ಪ. ನಲವತ್ತು ವರ್ಷದ ಅನುಭವ, ಸುಮ್ನೇನಾ?"

ಸುಳಿಯಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಹೆಸರು ಅವರಿಗೇ ಇರ್ಲಿ, ಬೆಳೆ ಉಳೀತಲ್ಲ. ಬರೋ ವರ್ಷ ಎಲೆ ಹಳದಿಯಾಗೋಕೆ ಮೊದ್ಲೇ ಕರೀಲಿ. ಕರೆದ್ಮೇಲೆ, ನಾನು ನೂರು ಗಿಡ ನೋಡಿ ಮುಗಿಸೋ ತನಕ ಸುಮ್ನೆ ನಿಂತ್ಕೊಳ್ಲಿ. ಇಷ್ಟೇ ನನ್ನಾಸೆ."