ಅಂಚೆಯ ಮ್ಯಾಲಕಿ ಮತ್ತು ಒದ್ದೆ ಮೈದಾನ

ಸೋತ ತಂಡದ ಆಯ್ಕೆಗಾರನಾಗಿರುವುದು ಕಷ್ಟ. ಸೋತ ತಂಡದ ಆಯ್ಕೆಗಾರನೇ ಆ ಊರಿನ ಅಂಚೆಯವನೂ ಆಗಿದ್ದರೆ ಅದೆಷ್ಟು ಕಷ್ಟವೆಂಬುದನ್ನು ಡ್ರಮಾನಿ ಎಂಬ ಹಳ್ಳಿಯ ಮ್ಯಾಲಕಿ ಡೆವೇನಿ ಅಕ್ಟೋಬರ್ ತಿಂಗಳ ಒಂದೇ ವಾರದಲ್ಲಿ ಸಂಪೂರ್ಣವಾಗಿ ಅರಿತುಕೊಂಡ. ಉಳಿದ ಇಬ್ಬರು ಆಯ್ಕೆಗಾರರು ಪುಣ್ಯವಂತರು. ಒಬ್ಬ ತನ್ನ ಕುರಿಗಳೊಂದಿಗೆ ಗುಡ್ಡ ಹತ್ತಿದ. ಇನ್ನೊಬ್ಬ ಬೆನ್ನುನೋವೆಂದು ಹಾಸಿಗೆ ಹಿಡಿದ. ಮ್ಯಾಲಕಿ ಮಾತ್ರ ಹಸಿರು ವ್ಯಾನಿನಲ್ಲಿ ದಿನವೂ ನೂರ ನಲವತ್ತು ಮನೆಗಳ ಬಾಗಿಲಿಗೆ ಹೋಗಲೇಬೇಕಿತ್ತು. ಆ ನೂರ ನಲವತ್ತು ಬಾಗಿಲುಗಳ ಹಿಂದೆ ನೂರ ನಲವತ್ತು ತಂಡಗಳು ಸಿದ್ಧವಾಗಿದ್ದವು. ಭಾನುವಾರ ಸ್ಲೈಗೋ ಪಟ್ಟಣದಲ್ಲಿ ನಿಜವಾಗಿ ಆಡಿದ ತಂಡವೊಂದು ಮಾತ್ರ ಅವುಗಳಲ್ಲಿ ಇರಲಿಲ್ಲ.

ಜಿಲ್ಲೆಯ ಗೇಲಿಕ್ ಫುಟ್ಬಾಲ್ ಫೈನಲ್ ಪಂದ್ಯಕ್ಕೆ ಡ್ರಮಾನಿ ತಲುಪಿ ಮೂವತ್ತೊಂದು ವರ್ಷಗಳಾಗಿದ್ದವು. ಈ ಸಲ ತಲುಪಿತು, ಹೋರಾಡಿತು, ಒಂದೇ ಒಂದು ಪಾಯಿಂಟಿನಿಂದ ಸೋತಿತು. ಕೊನೆಯ ನಿಮಿಷದಲ್ಲಿ ಎಡಬದಿಯಿಂದ ಒಂದು ಫ್ರೀ ಕಿಕ್ ಸಿಕ್ಕಿತ್ತು. ಚೆಂಡು ಎರಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿನಿಂದ ಹಾದಿದ್ದರೆ ಸಮಬಲವಾಗಿ ಮರುಪಂದ್ಯ ದಕ್ಕುತ್ತಿತ್ತು. ಒದ್ದವನು ಕಲ್ಲುಗಣಿಯ ಡೆಕ್ಲನ್. ಹೋರಿಯಂಥ ಮೈಕಟ್ಟು, ಹೋರಿಯದೇ ಗುರಿ. ಚೆಂಡು ಎಷ್ಟು ಆಚೆ ಹೋಯಿತೆಂದರೆ, ಗುರಿ ತಪ್ಪಿತೆಂದು ಕೈ ಬೀಸಬೇಕಾಗಿದ್ದ ಅಂಪೈರು ಮೊದಲು ಅದು ಎಲ್ಲಿಗೆ ಹೋಯಿತೆಂದು ಪಕ್ಕದವನನ್ನು ಕೇಳಿದ. ಎಡಬದಿಯ ಫ್ರೀ ಕಿಕ್ಕನ್ನು ಎರಡು ವರ್ಷಗಳಿಂದ ತಪ್ಪದೆ ಹೊಡೆಯುತ್ತಿದ್ದ ಇಪ್ಪತ್ತೆರಡರ ಓರನ್ ಟೈ ಆ ಹೊತ್ತಿನಲ್ಲಿ ಮೊಣಕಾಲ ಮೇಲೆ ಕೋಟು ಹೊದ್ದುಕೊಂಡು ಹೊರಗಿನ ಬೆಂಚಿನಲ್ಲಿ ಕುಳಿತಿದ್ದ.

ಅವನನ್ನು ಕೂರಿಸಿದವನು ಮ್ಯಾಲಕಿ. ಮೈದಾನ ಒದ್ದೆಯಾಗಿದೆ, ಹುಡುಗ ಹಗುರ, ಕೆಸರಿನಲ್ಲಿ ಅವನನ್ನು ತಳ್ಳಿಹಾಕುತ್ತಾರೆ ಎಂದು ಮ್ಯಾಲಕಿ ಹೇಳಿದಾಗ ಉಳಿದಿಬ್ಬರು ತಲೆಯಾಡಿಸಿದ್ದರು. ಪಂದ್ಯದ ದಿನ ಡ್ರಮಾನಿಯಲ್ಲಿ ಮಳೆ ಬಂದಿದ್ದು ನಿಜ. ಆದರೆ ಸ್ಲೈಗೋದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

ನಿಜವಾದ ಕಾರಣ ಮೈದಾನದಲ್ಲಿರಲಿಲ್ಲ. ಅದು ಇದ್ದದ್ದು ಮ್ಯಾಲಕಿಯ ಎದೆಯಲ್ಲಿ. ಪಂದ್ಯಕ್ಕೆ ಮೂರು ದಿನ ಮೊದಲು, ಒಗೆದ ಜೆರ್ಸಿಗಳ ಚೀಲ ಹೊತ್ತು ಅವನು ಆಟಗಾರರ ಕೋಣೆಯ ಬಾಗಿಲಿಗೆ ಬಂದಾಗ, ಒಳಗೆ ಓರನ್ ಬೆಂಚಿನ ಮೇಲೆ ನಿಂತು ಮ್ಯಾಲಕಿ ಪ್ರತಿ ಪಂದ್ಯಕ್ಕೆ ಮೊದಲು ಮಾಡುವ ಭಾಷಣವನ್ನು ಅಣಕಿಸುತ್ತಿದ್ದ. ಲಕೋಟೆಗಳನ್ನು ವಿಂಗಡಿಸುವವನಂತೆ ಒಂದೊಂದು ವಾಕ್ಯಕ್ಕೂ ಹೆಬ್ಬೆರಳನ್ನು ನಾಲಿಗೆಗೆ ತಗುಲಿಸುತ್ತಿದ್ದ, ಪ್ಯಾಂಟನ್ನು ಮೇಲೆಳೆಯುತ್ತಿದ್ದ, 'ನಮ್ಮ ಹಿರಿಯರು' ಎಂಬಲ್ಲಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದ. ಹುಡುಗರು ನೆಲಕ್ಕೆ ಬಿದ್ದು ನಗುತ್ತಿದ್ದರು. ಇಪ್ಪತ್ತೆರಡು ವರ್ಷಗಳ ಅಂಚೆಯ ಕೆಲಸದಲ್ಲಿ ಜನ ಬಾಗಿಲು ತೆರೆದು ನೋಡಿದ್ದು ಲಕೋಟೆಯನ್ನೇ ಹೊರತು ಅದನ್ನು ತಂದವನನ್ನಲ್ಲ. ಪಂದ್ಯಕ್ಕೆ ಮೊದಲಿನ ಆ ಐದು ನಿಮಿಷ ಮಾತ್ರ ಹದಿನೈದು ಮಂದಿ ತರುಣರು ತಲೆಬಾಗಿಸಿ ತನ್ನ ಮಾತನ್ನು ಕೇಳುತ್ತಾರೆಂದು ಅವನು ನಂಬಿದ್ದ. ಅವರು ತಲೆಬಾಗಿಸುತ್ತಿದ್ದದ್ದು ನಗು ಮುಚ್ಚಿಕೊಳ್ಳಲು ಎಂದು ಅಂದು ತಿಳಿಯಿತು. ಅಹಂಕಾರವು ಅರಸರ ಮನೆಯಲ್ಲಷ್ಟೇ ವಾಸಿಸುವ ಪಾಪವೆಂದು ತಿಳಿದವರು ಮನುಷ್ಯರ ಹೃದಯವನ್ನು ಕಂಡವರಲ್ಲ. ಅದಕ್ಕೆ ಅಂಚೆಯವನ ಚೀಲದಲ್ಲಿಯೂ ಜಾಗ ಸಾಕಾಗುತ್ತದೆ.

ಸೋಮವಾರ ಬೆಳಿಗ್ಗೆ ಮೊದಲ ಮನೆ ವಿಧವೆ ಡೀಲಿಯಾ ಕುನೇನ್‌ಳದು. ಆಕೆ ಎಂದೂ ಮೈದಾನಕ್ಕೆ ಕಾಲಿಟ್ಟವಳಲ್ಲ, ಎಲ್ಲ ಪಂದ್ಯಗಳನ್ನೂ ರೇಡಿಯೋದಲ್ಲೇ ಕೇಳಿದವಳು. ಲಕೋಟೆಯ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದು ತುದಿ ಮ್ಯಾಲಕಿಯ ಕೈಯಲ್ಲಿರುವಾಗಲೇ, ಮೊದಲಾರ್ಧದಲ್ಲಿ ಗಾಳಿಯನ್ನು ಬಳಸಿಕೊಳ್ಳದೆ ಕೆಟ್ಟಿರಿ ಎಂದು ಕಾಲು ಗಂಟೆ ವಿವರಿಸಿದಳು. ಗಾಳಿಯೇ ಇರಲಿಲ್ಲವಲ್ಲ ಎಂದು ಮ್ಯಾಲಕಿ ಅಂದದ್ದಕ್ಕೆ, "ನೀನು ಅಲ್ಲಿ ನಿಂತಿದ್ದೆ ಅಷ್ಟೇ, ನಾನು ಕಿವಿಯಾರೆ ಕೇಳಿದೀನಿ" ಎಂದು ಲಕೋಟೆಯನ್ನು ಕಿತ್ತುಕೊಂಡಳು.

ಅವಳಿಗಿಂತ ಅಪಾಯದ ಮನುಷ್ಯ ಎಂಬತ್ತರ ಬಾರ್ಟ್ಲಿ ಫೀರಿಕ್. ಅಂಗಳದ ಗೋಡೆಯ ಮೇಲೆ ಹದಿನೈದು ಆಲೂಗಡ್ಡೆಗಳನ್ನು ತಂಡದಂತೆ ಸಾಲಾಗಿಟ್ಟು ಅವನು ಕಾದಿದ್ದ. ಮ್ಯಾಲಕಿ ಆ ದಿನ ಪತ್ರವನ್ನು ಬೇಲಿಯ ಮೇಲಿನಿಂದಲೇ ಎಸೆದು ಪಾರಾದ. ಆದರೆ ಬಾರ್ಟ್ಲಿ ಅಷ್ಟಕ್ಕೆ ಸೋಲುವವನಲ್ಲ. ಮಂಗಳವಾರ ಬಸ್ಸು ಹತ್ತಿ ಪೇಟೆಗೆ ಹೋಗಿ, ತನಗೆ ತಾನೇ ಎರಡು ರಿಜಿಸ್ಟರ್ಡ್ ಪತ್ರಗಳನ್ನು ಹಾಕಿ ಬಂದ. ಸಹಿಯಿಲ್ಲದೆ ರಿಜಿಸ್ಟರ್ಡ್ ಪತ್ರ ಕೊಡುವಂತಿಲ್ಲ. ಬುಧವಾರ ಮ್ಯಾಲಕಿ ಪುಸ್ತಕ ಚಾಚಿ ನಿಂತ. ಬಾರ್ಟ್ಲಿ ತನ್ನ ಹೆಸರಿನ ಒಂದೊಂದು ಅಕ್ಷರಕ್ಕೆ ಒಬ್ಬೊಬ್ಬ ಆಟಗಾರನನ್ನು ವಿಮರ್ಶಿಸುತ್ತ ಸಹಿ ಹಾಕಿದ. ಎರಡನೆಯ ಪತ್ರಕ್ಕೆ ಬದಲಿ ಆಟಗಾರರು ಬಂದರು.

"ಗೋಲಿಯ ಮುಂದೆ ಆ ಫುಲ್‌ಬ್ಯಾಕ್ ಇದ್ದಾನಲ್ಲ, ಅವನಿಗಿಂತ ಈ ಆಲೂಗಡ್ಡೆ ವಾಸಿ ಕಣಯ್ಯ" ಎಂದ. "ಆದ್ರೆ ಒಂದು ಮಾತು. ಟೈ ಹುಡುಗನ್ನ ಕೂರಿಸಿದೆಯಲ್ಲ, ಇಪ್ಪತ್ತೆರಡು ವರ್ಷದಲ್ಲಿ ನೀನು ಮಾಡಿದ ಒಂದೇ ಒಳ್ಳೇ ಕೆಲಸ ಅದು. ಅವನು ಕೋಳಿಪುಕ್ಕ. ಒದ್ದೆಯಲ್ಲಿ ಪುಕ್ಕ ಹಾರುತ್ತಾ?"

ನೂರ ಮೂವತ್ತೊಂಬತ್ತು ಮನೆಗಳ ಬೈಗುಳ ತಾಗದ ಜಾಗಕ್ಕೆ ಈ ಒಂದು ಹೊಗಳಿಕೆ ತಾಗಿತು.

ಅದು ಇನ್ನೂ ಆಳಕ್ಕೆ ಇಳಿದದ್ದು ಟೈಗಳ ತೋಟದಮನೆಯಲ್ಲಿ. ಓರನ್‌ನ ತಾಯಿ ಫಿಲೊಮಿನಾ ಬೇರೆ ದಿನಗಳಲ್ಲಿ ಅವನನ್ನು ಕೂರಿಸಿ ಚಹಾ ಕೊಡುವವಳು. ಈ ವಾರ ಹೊಸ್ತಿಲಲ್ಲೇ ಪತ್ರ ತೆಗೆದುಕೊಂಡು ಬಾಗಿಲು ಮುಚ್ಚಿದಳು. ಹಿಂದಿರುಗುವಾಗ ಕೊಟ್ಟಿಗೆಯ ಬಳಿ ಓರನ್ ಕಣ್ಣಿಗೆ ಬಿದ್ದ. ಹೆಗಲ ಮೇಲೆ ದನದ ಮೇವಿನ ಮೂಟೆ ಹೊತ್ತು ಅಂಗಳ ಸುತ್ತುತ್ತಿದ್ದ. ಮುಖ ಕೆಂಪಾಗಿ, ಸೊಂಟ ಒಂದು ಪಕ್ಕಕ್ಕೆ ವಾಲಿತ್ತು.

"ಏನೋ ಇದು?" ಎಂದ ಮ್ಯಾಲಕಿ.

"ಮೈ ಬೆಳೆಸ್ತಿದೀನಿ" ಎಂದ ಓರನ್, ನಿಲ್ಲದೆ. "ಬೆಳಿಗ್ಗೆ ಆರು ಮೊಟ್ಟೆ, ರಾತ್ರಿ ಎರಡು ತಟ್ಟೆ ಆಲೂಗಡ್ಡೆ. ಕ್ರಿಸ್ಮಸ್ ಹೊತ್ತಿಗೆ ಮೈ ಬರ್ಲಿಲ್ಲ ಅಂದ್ರೆ ಜೆರ್ಸಿ ವಾಪಸ್ ಕೊಡ್ತೀನಿ. ನೀವು ಹೇಳಿದ್ದು ಸರಿ ಮ್ಯಾಲಕಿ. ನಾನು ಈ ಆಟಕ್ಕೆ ಸಾಲದವನು."

ಅದರಲ್ಲಿ ಕೊಂಕಿನ ಎಳೆಯೂ ಇರಲಿಲ್ಲ. ಹುಡುಗ ನಂಬಿಬಿಟ್ಟಿದ್ದ. ಮ್ಯಾಲಕಿ ವ್ಯಾನಿನಲ್ಲಿ ಕುಳಿತು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ಒಂದು ಮಾತು ಹೇಳಿದರೆ ಹುಡುಗ ಉಳಿಯುತ್ತಾನೆ. ಹೇಳಿದರೆ, ಅಣಕಕ್ಕೆ ಮುನಿದು ಊರಿನ ಮೂವತ್ತೊಂದು ವರ್ಷದ ಕಾಯುವಿಕೆಯನ್ನು ಹಾಳುಮಾಡಿದ ಐವತ್ತೆಂಟರ ಮುದುಕ ಎಂದು ತಾನು ಸಾಯುವವರೆಗೂ ನೂರ ನಲವತ್ತು ಬಾಗಿಲುಗಳಲ್ಲಿ ಕರೆಸಿಕೊಳ್ಳಬೇಕು.

ಮನುಷ್ಯ ಹೀಗೆ ಕವಲುದಾರಿಯಲ್ಲಿ ನಿಂತಾಗ ದೇವರು ಅವನ ಮನೆಗೇ ಬರುವುದುಂಟು. ಆ ಸೀಮೆಯಲ್ಲಿ ವರ್ಷಕ್ಕೆರಡು ಬಾರಿ ಕ್ರೈಸ್ತರ ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆಯು ಚರ್ಚನ್ನು ಬಿಟ್ಟು ಸರದಿಯಂತೆ ಒಂದೊಂದು ಮನೆಗೆ ಬರುತ್ತದೆ. ನೆರೆಯವರೆಲ್ಲ ಅಲ್ಲಿ ಸೇರಿ, ಮುಂಗೋಣೆಯಲ್ಲಿ ಪಾಪನಿವೇದನೆ ಮಾಡಿ, ಅಡುಗೆಮನೆಯ ಮೇಜಿನ ಮುಂದೆ ಪೂಜೆ ಕಂಡು, ಅದೇ ಮೇಜಿನಲ್ಲಿ ಉಪಾಹಾರ ಮಾಡುತ್ತಾರೆ. ಆ ಶನಿವಾರದ ಸರದಿ ಮ್ಯಾಲಕಿಯ ಮನೆಯದು, ವರ್ಷದ ಹಿಂದೆಯೇ ಗೊತ್ತಾಗಿದ್ದದ್ದು. ಅವನ ಹೆಂಡತಿ ಅಟ್ರಾಕ್ಟಾ ಮೂರು ವಾರಗಳಿಂದ ಗೋಡೆಗೆ ಬಣ್ಣ ಬಳಿಯುತ್ತಿದ್ದಳು. ಪೂಜೆಯನ್ನು ಮುಂದಕ್ಕೆ ಹಾಕಲಾದೀತೇ ಎಂದು ಗಂಡ ಕೇಳಿದಾಗ, ಬ್ರಷ್ಷನ್ನು ಕೆಳಗಿಡದೆಯೇ ಅವಳು, ಫುಟ್ಬಾಲಿಗೋಸ್ಕರ ಪರಮಪ್ರಸಾದವನ್ನು ಮುಂದಕ್ಕೆ ಹಾಕಿದ ಮೊದಲ ಕ್ರೈಸ್ತ ನೀನಾಗಬೇಡ ಎಂದಳು.

ಶನಿವಾರ ಎಲ್ಲರೂ ಬಂದರು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ; ಭಕ್ತಿಯೊಂದೇ ಅದಕ್ಕೆ ಕಾರಣವೆಂದು ಹೇಳಲಾರೆವು. ಫಿಲೊಮಿನಾ ಮಗನೊಂದಿಗೆ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತಳು. ಮುಂಗೋಣೆಯಲ್ಲಿ ಫಾದರ್ ಕಾನ್ಲೆತ್ ಕೊರಳಿಗೆ ನೇರಳೆ ಬಣ್ಣದ ಪಟ್ಟಿ ಧರಿಸಿ ಪಾಪನಿವೇದನೆ ಕೇಳತೊಡಗಿದರು. ಮನೆಯ ಯಜಮಾನನಾದ್ದರಿಂದ ಮ್ಯಾಲಕಿ ಕೊನೆಗೆ ಹೋದ. ಆ ಕೋಣೆಯ ಮಾತು ಹೊರಗೆ ಬರುವಂತಿಲ್ಲ. ಇಲ್ಲಿ ಬರುತ್ತಿರುವುದು ಮ್ಯಾಲಕಿ ತಾನೇ ಮುಂದೆ ಅದನ್ನು ಊರಿಗೆಲ್ಲ ಹೇಳಿದ್ದರಿಂದ.

ಹೆಂಡತಿಯ ಮೇಲೆ ರೇಗಿದ್ದು, ಬಾರ್ಟ್ಲಿಯ ಪತ್ರವನ್ನು ಬೇಲಿಯ ಮೇಲಿನಿಂದ ಎಸೆದದ್ದು ಮೊದಲಾದ ಸಣ್ಣಪುಟ್ಟವನ್ನೆಲ್ಲ ಹೇಳಿ, ಉಸಿರು ಎಳೆದುಕೊಂಡು, ಅವನು ದೊಡ್ಡದನ್ನೂ ಹೇಳಿದ. ಗುರುಗಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಅವರೂ ಯೌವನದಲ್ಲಿ ಮೈದಾನದ ನಡುವೆ ಆಡಿದವರೇ.

"ದೇವರು ಕ್ಷಮಿಸ್ತಾನೆ ಮ್ಯಾಲಕಿ, ಅದಕ್ಕೆ ನಾನು ಸಾಕು" ಎಂದರು ಕೊನೆಗೆ. "ಆದ್ರೆ ಆ ಹುಡುಗ ದಿನಾ ಆರು ಮೊಟ್ಟೆ ತಿಂತಿದ್ದಾನೆ. ಅದನ್ನ ನಿಲ್ಸೋಕೆ ನೀನೇ ಬೇಕು."

ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಜಪ ವಿಧಿಸಿ, ಅವನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದರು. ಮ್ಯಾಲಕಿ ಬಾಗಿಲ ಹಿಡಿಗೆ ಕೈಯಿಟ್ಟಾಗ, ಗುರುಗಳೊಳಗಿನ ಹಳೆಯ ಆಟಗಾರ ತಡೆಯಲಾರದೆ ಮೆಲ್ಲನೆ ಕೇಳಿದ: ಹಾಗಾದರೆ ಮೈದಾನ ಒದ್ದೆಯೇ ಇರಲಿಲ್ಲವೇ? ಒಣಗಿ ಬಣಗುಟ್ಟುತ್ತಿತ್ತು ಫಾದರ್, ಎಂದ ಮ್ಯಾಲಕಿ. ಗುರುಗಳು ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು.

ಪೂಜೆ ಮುಗಿದು, ಮೇಜಿನ ಮೇಲಿನ ಬಿಳಿ ಬಟ್ಟೆ ಹೋಗಿ ಬ್ರೆಡ್ಡು, ಹಂದಿಮಾಂಸ, ಬೇಯಿಸಿದ ಮೊಟ್ಟೆಗಳು ಬಂದವು. ಗುರುಗಳ ಮುಂದೆ ಬೆಳ್ಳಿಯ ಬಟ್ಟಲಿನಲ್ಲಿ ಮೊಟ್ಟೆ ಇಟ್ಟು ಕೈ ತೆಗೆಯುವುದರೊಳಗೆ ಚರ್ಚೆ ಶುರುವಾಯಿತು. ಡೀಲಿಯಾ ಗಾಳಿಯನ್ನು ಎತ್ತಿದಳು, ಬಾರ್ಟ್ಲಿ ಫುಲ್‌ಬ್ಯಾಕನ್ನು ಇಳಿಸಿದ; ಯಾರೋ ಸಾಸೇಜುಗಳಿಂದ ಮುಂಪಂಕ್ತಿ ಕಟ್ಟಿದರು. ಓರನ್‌ನನ್ನು ಕೂರಿಸಿದ್ದು ತಪ್ಪೋ ಸರಿಯೋ ಎಂದು ಎರಡು ಪಕ್ಷಗಳಾದವು. ಹುಡುಗ ತಲೆ ತಗ್ಗಿಸಿ ನಾಲ್ಕನೆಯ ಮೊಟ್ಟೆ ಸುಲಿಯುತ್ತಿದ್ದ. ಎಲ್ಲರೂ ಗುರುಗಳ ಅಭಿಪ್ರಾಯ ಕೇಳಿದರು. ಆ ಮನೆಯಲ್ಲಿ ಸತ್ಯ ಬಲ್ಲ ಇಬ್ಬರಲ್ಲಿ ಒಬ್ಬರಾದ ಗುರುಗಳು, ಬಾಯಿ ತುಂಬ ಮೊಟ್ಟೆ ತುಂಬಿಕೊಂಡು, ಕಿವಿಯ ತುದಿಯವರೆಗೆ ಕೆಂಪಾಗಿ, ಉಪ್ಪು ಕೊಡಿ ಎಂದು ಸನ್ನೆ ಮಾಡಿದರು.

ಮ್ಯಾಲಕಿ ಚಹಾದ ಪಾತ್ರೆ ಹಿಡಿದು ಮೇಜಿನ ತಲೆಯಲ್ಲಿ ನಿಂತಿದ್ದ.

"ಮೈದಾನ ಒದ್ದೆ ಇರ್ಲಿಲ್ಲ" ಎಂದ. "ಹುಡುಗ ಹಗುರಾನೂ ಅಲ್ಲ. ಅವನು ನನ್ನ ಅಣಕಿಸೋದನ್ನ ಬಾಗಿಲ ಹೊರಗೆ ನಿಂತು ನೋಡ್ದೆ. ಹೊಟ್ಟೆ ಉರೀತು. ಅದಕ್ಕೇ ಕೂರಿಸ್ದೆ. ಬೇರೆ ಕಾರಣ ಇಲ್ಲ."

ಅಟ್ರಾಕ್ಟಾ ಹೊಸ ಬಣ್ಣದ ಗೋಡೆಗೆ ಒರಗಿದಳು. ಮೊದಲು ಬಾಯಿ ಬಿಟ್ಟವನು ಬಾರ್ಟ್ಲಿ.

"ಒದ್ದೆ ಇತ್ತು ಕಣಯ್ಯ."

ಇರಲಿಲ್ಲ ಎಂದ ಮ್ಯಾಲಕಿ. ನೀನು ಭಾವನೆಗೆ ಸಿಕ್ಕು ಏನೇನೋ ಹೇಳುತ್ತಿದ್ದೀಯೆ, ಆಯ್ಕೆಗಾರನ ಮನಸ್ಸಿನಲ್ಲಿ ಏನಿತ್ತೆಂಬುದು ಆಯ್ಕೆಗಾರನಿಗೇ ಗೊತ್ತಿರಬೇಕೆಂದಿಲ್ಲ ಎಂದು ಬಾರ್ಟ್ಲಿ ವಾದಿಸಿದ. ಅಣಕದಿಂದ ಪಂದ್ಯ ಸೋಲುವುದುಂಟೇ, ಸೋಲಿಸಿದ್ದು ಗಾಳಿ ಎಂದಳು ಡೀಲಿಯಾ. ವಾರವಿಡೀ ಕಷ್ಟಪಟ್ಟು ಕಟ್ಟಿದ ತಮ್ಮ ತಮ್ಮ ಸಿದ್ಧಾಂತಗಳನ್ನು ಒಬ್ಬ ಪಾಪಿಯ ಪಶ್ಚಾತ್ತಾಪಕ್ಕಾಗಿ ಬಿಟ್ಟುಕೊಡಲು ಯಾರೂ ತಯಾರಿರಲಿಲ್ಲ. ಆಯ್ಕೆಗಾರನ ಸ್ಥಾನ ಬಿಡುತ್ತೇನೆಂದು ಮ್ಯಾಲಕಿ ಹೇಳಿದಾಗ ಎರಡೂ ಪಕ್ಷಗಳು ಮೊದಲ ಬಾರಿಗೆ ಒಂದಾದವು. "ನೀನು ಬಿಟ್ರೆ ಮುಂದಿನ ವರ್ಷ ಯಾರನ್ನ ಬೈಯೋದು?" ಎಂದ ಬಾರ್ಟ್ಲಿ, ನಿಜವಾದ ಆತಂಕದಿಂದ.

ಓರನ್ ಮಾತ್ರ ಅರ್ಧ ಸುಲಿದ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟು ಎದ್ದು ಹೊರಗೆ ನಡೆದ. ಮ್ಯಾಲಕಿ ಹಿಂಬಾಲಿಸಿದ. ಬಾಗಿಲಲ್ಲಿ ಫಿಲೊಮಿನಾ ಅವನ ಕೈಯಿಂದ ಚಹಾದ ಪಾತ್ರೆ ತೆಗೆದುಕೊಂಡು ದಾರಿ ಬಿಟ್ಟಳು.

ಅಂಗಳದಲ್ಲಿ ಹುಡುಗ ಬೆನ್ನು ತಿರುಗಿಸಿ ನಿಂತಿದ್ದ.

"ಆ ಫ್ರೀ ಕಿಕ್" ಎಂದ. "ನಾನು ಹಾಕ್ತಿದ್ದೆನಾ?"

"ಕಣ್ಣು ಮುಚ್ಕೊಂಡು ಹಾಕ್ತಿದ್ದೆ."

ಓರನ್‌ನ ಹೆಗಲು ಒಮ್ಮೆ ಮೇಲೇರಿ ಇಳಿಯಿತು. "ನೀವು ನನ್ನ ಕೂರಿಸಿದ್ದಕ್ಕೆ ಸಿಟ್ಟಿಲ್ಲ. ಒಂದು ವಾರ ನಾನು ಯಾತಕ್ಕೂ ಬಾರದವನು ಅಂತ ನಂಬಿದ್ನಲ್ಲ, ಅದಕ್ಕೆ. ಸೊಂಟ ಬೇರೆ ಹಿಡ್ಕೊಂಡಿದೆ."

ಮ್ಯಾಲಕಿ ನೆಲ ನೋಡಿದ. ತಪ್ಪಾಯಿತು ಎಂದ.

"ನಾನೂ ಹಾಗೆ ಅಣಕಿಸಬಾರದಿತ್ತು" ಎಂದ ಹುಡುಗ.

"ಚೆನ್ನಾಗಿ ಮಾಡಿದ್ದೆ ಕಣೋ. ಕೆಟ್ಟದಾಗಿ ಮಾಡಿದ್ರೆ ನಂಗೆ ಅಷ್ಟು ನೋವಾಗ್ತಿರ್ಲಿಲ್ಲ."

ಓರನ್ ನಗಲಿಲ್ಲ, ಆದರೆ ತಿರುಗಿ ಅವನ ಮುಖ ನೋಡಿದ. ಇವತ್ತೇ ಕ್ಷಮಿಸಿಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ ಎಂದ. ಜೆರ್ಸಿಯನ್ನಂತೂ ಹಿಂದಿರುಗಿಸುವುದಿಲ್ಲ. "ಮಂಗಳವಾರ ಅಭ್ಯಾಸಕ್ಕೆ ಬರ್ತೀನಿ. ನೀವೂ ಬನ್ನಿ. ಚೆಂಡು ಹೆಕ್ಕೋಕೆ ಒಬ್ರು ಬೇಕು. ಆದ್ರೆ ಮಾತಾಡ್ಬೇಡಿ. ಕ್ರಿಸ್ಮಸ್‌ವರೆಗೆ ಒಂದು ಮಾತೂ ಬೇಡ."

ಪ್ರತಿ ಪಂದ್ಯಕ್ಕೂ ಭಾಷಣ ಬಿಗಿಯುತ್ತಿದ್ದವನಿಗೆ ಇದಕ್ಕಿಂತ ದೊಡ್ಡ ಪ್ರಾಯಶ್ಚಿತ್ತವನ್ನು ರೋಮಿನ ಪೋಪರೂ ವಿಧಿಸಲಾರರು. ಮ್ಯಾಲಕಿ ತಲೆಯಾಡಿಸಿದ, ವ್ರತ ಆ ಕ್ಷಣದಿಂದಲೇ ಆರಂಭವಾಯಿತೆಂದು ತಿಳಿದು ಹೂಂ ಎಂದೂ ಅನ್ನಲಿಲ್ಲ.

ಮಂಗಳವಾರ ಸಂಜೆ, ಬೆಳಕು ಆರುವ ಮುನ್ನ, ಓರನ್ ಎಡಬದಿಯಿಂದ ಹನ್ನೊಂದು ಬಾರಿ ಒದ್ದ. ಹತ್ತು ಸಲ ಚೆಂಡು ಕಂಬಗಳ ನಡುವೆ ಹಾದು, ಹಿಂದೆ ನಿಂತಿದ್ದ ಮ್ಯಾಲಕಿಯ ಕೈಗೇ ಬಂದು ಬಿತ್ತು. ಹನ್ನೊಂದನೆಯದು ಬಲಕ್ಕೆ ಸರಿದು ಮುಳ್ಳುಬೇಲಿಗೆ ಹೋಯಿತು. ಏಕೆ ಸರಿಯಿತೆಂಬುದು ಮ್ಯಾಲಕಿಗೆ ಸ್ಪಷ್ಟವಾಗಿ ಗೊತ್ತಿತ್ತು: ಒದೆಯುವಾಗ ಹುಡುಗ ತಲೆ ಎತ್ತಿದ್ದ. ಮಾತು ಗಂಟಲವರೆಗೆ ಬಂತು, ಹಲ್ಲಿನವರೆಗೆ ಬಂತು. ಅವನು ಅದನ್ನು ನುಂಗಿ, ಬೇಲಿಯೊಳಗೆ ಮೊಣಕೈವರೆಗೆ ತೂರಿ, ಚೆಂಡನ್ನು ಎಳೆದು, ಕೈಯೆಲ್ಲ ಗೀರಿಸಿಕೊಂಡು ಹೊರಬಂದು, ದೇವರ ಕೃಪೆಯಿಂದ, ಏನೊಂದೂ ಹೇಳದೆ ಹುಡುಗನ ಕಡೆಗೆ ಎಸೆದ.