ಟೋಪಿಯ ಕೆಳಗಿನ ಗುಂಗುರು

ಪಾಲಿಶಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಳೇ ಕುರ್ಚಿ, ಮೇಜು, ಬೀರುಗಳನ್ನು ರಿಪೇರಿ ಮಾಡುವ ಆ ಶೆಡ್ಡಿಗೆ ಬರುವ ಗಿರಾಕಿಗಳಿಗೆಲ್ಲ ಅದು ಗೊತ್ತಿದ್ದ ಸಂಗತಿ. ಶೆಡ್ಡು ಅವನ ಭಾವನದು, ಅಂದರೆ ಅಕ್ಕನ ಗಂಡನದು. ಬಡಗಿಯಾದ ಭಾವ ಮುರಿದ ಕಡೆ ಹೊಸ ಮರದ ಚಕ್ಕೆ ಕೂರಿಸಿ ಕೊಟ್ಟರೆ, ಆ ಚಕ್ಕೆಗೂ ಹಳೇ ಮರಕ್ಕೂ ಬಣ್ಣ ಹೊಂದಿಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿಗೆ ಬಟ್ಟೆ ಅದ್ದಿ, ಉಜ್ಜಿ ಉಜ್ಜಿ ಹೊಳಪು ತರುವುದು ಇವನ ಕೆಲಸ. ಜೋಡಿಸಿದ ಜಾಗ ಎಲ್ಲಿ ಅಂತ ಗಿರಾಕಿ ಹುಡುಕಬೇಕು, ಹುಡುಕಿ ಹುಡುಕಿ ಸೋಲಬೇಕು. ಅಲ್ಲಿಯವರೆಗೆ ಕೆಲಸ ಮುಗಿಯಿತು ಅಂತ ಅವನು ಒಪ್ಪುತ್ತಿರಲಿಲ್ಲ.

ಮುಗಿಯದ ಕೆಲಸವನ್ನು ಯಾರಿಗೂ ತೋರಿಸುತ್ತಲೂ ಇರಲಿಲ್ಲ. ಸಂಜೆ ಮನೆಗೆ ಹೊರಡುವ ಮುಂಚೆ ಎಲ್ಲದರ ಮೇಲೂ ಹಳೇ ಬೆಡ್‌ಶೀಟು ಹೊದಿಸಿಡುತ್ತಿದ್ದ. ಯಾವನಾದರೂ ಗಿರಾಕಿ ಅದರ ಮೂಲೆ ಎತ್ತಿ ಇಣುಕಿದನೋ, ಮುಗಿಯಿತು ಅವನ ಕತೆ. "ಅರ್ಧ ಬೆಂದಿದ್ದನ್ನ ಯಾರಾದ್ರೂ ತಟ್ಟೆಗೆ ಹಾಕ್ತಾರೇನ್ರೀ?" ಅಂತ ಶುರುವಾದ ಬಯ್ಗುಳ ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು.

ಶೆಡ್ಡಿನಲ್ಲಿ ಇದ್ದವರು ಮೂರೇ ಜನ. ಬಾಗಿಲ ಹತ್ತಿರ ಭಾವ. ಕಿಟಕಿಗೆ ಮುಖ ಮಾಡಿ ಪಾಲಿಶಣ್ಣ, ಯಾಕೆಂದರೆ ಬೆಳಕು ಎದುರಿನಿಂದ ಓರೆಯಾಗಿ ಬಿದ್ದರೇ ಮರದ ಮೇಲಿನ ಮಸುಕು, ಗೀರು ಕಣ್ಣಿಗೆ ಬೀಳುವುದು. ಅವನ ಬೆನ್ನ ಹಿಂದೆ, ನೀರಿನ ತೊಟ್ಟಿಯ ಪಕ್ಕದಲ್ಲಿ, ಕುರ್ಚಿಗಳಿಗೆ ಬೆತ್ತ ಹೆಣೆಯುವ ಹೆಂಗಸು. ಬೆತ್ತ ನೆನೆಯದೆ ಬಾಗುವುದಿಲ್ಲ, ಅದಕ್ಕೆ ಆ ತೊಟ್ಟಿ. ಎಲ್ಲರ ಬಾಯಲ್ಲೂ ಅವಳು ಬೆತ್ತದಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದಳು. ಪಾಲಿಶಣ್ಣನೂ ಹೆಂಡತಿ ತೀರಿಹೋದ ಮೇಲೆ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಮಲಗಿ, ಅಕ್ಕನ ಮನೆಯಲ್ಲಿ ಉಂಡುಕೊಂಡಿದ್ದವನು. ಹೀಗೆ ವರ್ಷಗಟ್ಟಲೆ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಕೂತು ಕೆಲಸ ಮಾಡಿದ್ದರು.

ಅವನೂ ಮೊದಲು ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದ. ಒಂದು ದಿನ ಯಾಕೋ ಆ ಮಾತು ನಾಲಿಗೆಗೆ ಬರಲಿಲ್ಲ. "ನೋಡಿ ಇವ್ರೇ, ಆ ಕತ್ತರಿ ಕೊಡಿ" ಅಂದುಬಿಟ್ಟ. ಮಾರನೇ ದಿನವೂ ಇವ್ರೇ. ಭಾವ ಉಳಿ ಕೆಳಗಿಟ್ಟು ಇವನ ಮುಖವನ್ನೇ ನೋಡಿದ. ಮಧ್ಯಾಹ್ನ ಊಟಕ್ಕೆ ಕೂತಾಗ, ನಮ್ಮ ಶೆಡ್ಡಿನಿಂದ ಅಕ್ಕ ಹೋಗಿ ಇವ್ರು ಬಂದಿದ್ದಾರೆ ಕಣೇ ಅಂತ ಹೆಂಡತಿಯ ಹತ್ತಿರ ಹೇಳಿ ನಕ್ಕ. ಪಾಲಿಶಣ್ಣ ತಟ್ಟೆ ಬಿಟ್ಟು ಎದ್ದುಹೋದ. ಕೋಪಕ್ಕಿಂತ ಹೆಚ್ಚಾಗಿ, ಗುಟ್ಟು ಇಷ್ಟು ಬೇಗ ರಟ್ಟಾಯಿತಲ್ಲ ಅನ್ನುವ ನಾಚಿಕೆ.

ಅವಳನ್ನು ಕೇಳಬೇಕು ಅನ್ನುವುದು ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಆದರೆ ಕೇಳಬೇಕಾದರೆ ತಿರುಗಬೇಕು. ತಿರುಗಿದರೆ ಕಿಟಕಿಯ ಬೆಳಕೆಲ್ಲ ಅವನ ಬೋಳು ನೆತ್ತಿಯ ಮೇಲೆ ಬಿದ್ದು ಮಿಂಚುತ್ತಿತ್ತು. ಮರಕ್ಕೆ ತರಬೇಕಾದ ಹೊಳಪು ತನ್ನ ತಲೆಗೇ ಬಂದು ಕೂತಿದೆ ಅಂತ ಅವನಿಗೆ ಒಳಗೊಳಗೇ ಉರಿ. ಕೊನೆಗೆ ಯಾರಿಗೂ ಹೇಳದೆ ಒಂದು ಆಸ್ಪತ್ರೆಗೆ ಹೋಗಿ ಕೂದಲು ಕಸಿ ಮಾಡಿಸಿಕೊಂಡು ಬಂದ. ಹಿಂದಲೆಯ ಕೂದಲನ್ನು ಬೇರು ಸಮೇತ ಒಂದೊಂದಾಗಿ ತೆಗೆದು ಮುಂದೆ ನೆಡುವ ಕೆಲಸ ಅದು. ಭಾವ ಬ್ಯಾಂಡೇಜು ನೋಡಿ, ನಾಟಿ ಮುಗೀತಾ, ನೀರು ಕಟ್ಟೋದು ಯಾವಾಗ ಅಂತ ಕೇಳಿದ. ಡಾಕ್ಟರಮ್ಮ ಏನೇನೋ ತಿಳಿಸಿ ಹೇಳಿದ್ದಳು. ನೆಟ್ಟಿದ್ದು ಮೊದಲು ಉದುರುತ್ತೆ ಅನ್ನುವುದೊಂದು ಇವನ ಕಿವಿಗೆ ಬಿದ್ದಿತ್ತು. ಉಳಿದದ್ದಕ್ಕೆಲ್ಲ ಆಯ್ತು ಆಯ್ತು ಅಂತ ತಲೆಯಾಡಿಸಿದ್ದ.

ಹೇಳಿದ ಹಾಗೆ ಉದುರಿತು. ಹಲ್ಲು ಕಚ್ಚಿಕೊಂಡು ಸಹಿಸಿದ. ತಿಂಗಳುಗಳು ಕಳೆದ ಮೇಲೆ ಹೊಸದು ಮೊಳೆಯಿತು ನೋಡಿ, ಕನ್ನಡಿಯ ಮುಂದೆ ನಿಂತವನು ಕನ್ನಡಿಯನ್ನೇ ಒರೆಸಿ ಮತ್ತೆ ನೋಡಿದ. ಪಕ್ಕದಲ್ಲೆಲ್ಲ ಎಣ್ಣೆ ಹಚ್ಚಿ ಬಾಚಿದ ನೆಟ್ಟನೆಯ ಕರಿ ಕೂದಲು. ಮುಂದೆ ಮಾತ್ರ ತುಕ್ಕು ಹಿಡಿದ ಬಣ್ಣದ್ದು, ಪಾತ್ರೆ ತಿಕ್ಕುವ ನಾರಿನ ಹಾಗೆ ಒರಟಾದದ್ದು, ಸುರುಳಿ ಸುರುಳಿ. ಕುರುಡನಿಗೂ ಜೋಡಣೆ ಕಾಣುವಂಥ ಕೆಲಸ. ಭಾವ ಏನಾದರೂ ಮೇಜಿಗೆ ಇಂಥ ಚಕ್ಕೆ ಕೂರಿಸಿದ್ದರೆ ಪಾಲಿಶಣ್ಣ ಸುತ್ತಿಗೆ ತಗೊಂಡು ಅವನ ಹಿಂದೆ ಬೀಳುತ್ತಿದ್ದ.

ನೆಟ್ಟಗೆ ಆಸ್ಪತ್ರೆಗೆ ಹೋಗಿ, "ಯಾರ ತಲೇದು ತಂದು ನನ್ನ ತಲೆಗೆ ಹಾಕಿದ್ರಿ?" ಅಂತ ಕೂಗಾಡಿದ. ಹೊರಗೆ ಕೂತವರೆಲ್ಲ ತಮ್ಮ ತಮ್ಮ ತಲೆ ಮುಟ್ಟಿ ನೋಡಿಕೊಂಡರು. ಡಾಕ್ಟರಮ್ಮ ಅವನ ಕೂಗಾಟ ಮುಗಿದ ಮೇಲೆ ಒಂದು ಕನ್ನಡಿ ಮುಂದೆ, ಒಂದು ಹಿಂದೆ ಹಿಡಿದು ತೋರಿಸಿದಳು. ಕ್ಷೌರ ತಪ್ಪಿಸಿದ್ದ ಹಿಂದಲೆಯಲ್ಲಿ, ಕತ್ತಿನ ಮೇಲುಗಡೆ, ಅವೇ ಸುರುಳಿಗಳು. ಯಾವಾಗಲೂ ಗಿಡ್ಡ ಮಾಡಿಸಿಕೊಳ್ಳುತ್ತಿದ್ದರಿಂದ ತನಗೆ ಅಂಥ ಕೂದಲಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಹೊಸ ಕೂದಲು ಮೊದಮೊದಲು ಸಣ್ಣಗೆ ಬರುವುದರಿಂದ ಬಣ್ಣ ತಿಳಿಯಾಗಿ ಕಾಣುತ್ತೆ, ಒರಟಾಗಿರುತ್ತೆ, ವರ್ಷ ಕಳೆಯುವಷ್ಟರಲ್ಲಿ ದಪ್ಪವಾಗಿ, ಕಪ್ಪಾಗಿ, ಮೆತ್ತಗಾಗುತ್ತೆ ಅಂದಳು. ಗುಂಗುರು ಮಾತ್ರ ಅದರ ಹುಟ್ಟುಗುಣ, ಅದು ಉಳಿಯಬಹುದು. ಐವತ್ತು ದಾಟಿದ ಗಂಡಸು ತನ್ನ ತಲೆಯ ಹಿಂಭಾಗವನ್ನು ಮೊದಲ ಸಲ ನೋಡಿ ಬಾಯಿ ಮುಚ್ಚಿಕೊಂಡು ಹೊರಗೆ ಬಂದ. ಬರುವ ದಾರಿಯಲ್ಲಿ ಒಂದು ಉಣ್ಣೆ ಟೋಪಿ ಕೊಂಡ.

ಅವತ್ತಿನಿಂದ ಟೋಪಿ ತಲೆ ಬಿಟ್ಟು ಇಳಿಯಲಿಲ್ಲ. ಬೆಡ್‌ಶೀಟು ಹೊದ್ದ ಕುರ್ಚಿಯ ಹಾಗೆ ಅವನೂ ಮುಗಿಯದ ಕೆಲಸವಾದ. ಹಿಂದಕ್ಕೆ ತಿರುಗುವುದನ್ನೇ ನಿಲ್ಲಿಸಿದ. ಕತ್ತರಿ ಬೇಕಾದರೂ ಎದ್ದು ಗೋಡೆಯ ಕಡೆಯಿಂದ ಸುತ್ತಿ ಹೋಗಿ ತಾನೇ ತಂದುಕೊಳ್ಳುತ್ತಿದ್ದ.

ಈ ನಡುವೆ ಬೆತ್ತದಕ್ಕನ ತಮ್ಮನಿಗೆ ಬೇರೆ ಊರಿಗೆ ವರ್ಗವಾಯಿತು. ಒಂದು ಬೆಳಿಗ್ಗೆ ಅವಳು ಭಾವನಿಗೆ ವಿಷಯ ತಿಳಿಸಿದಳು. ಜೊತೆಗೆ ಬಾ ಅಂತ ತಮ್ಮ ಅನ್ನುತ್ತಿದ್ದಾನೆ, ಈ ತಿಂಗಳ ಕೊನೆಗೆ ಸಾಮಾನು ಹೊರಡುತ್ತೆ ಅಂತ. ಹೇಳಿದ್ದು ಭಾವನಿಗೆ, ಕೇಳಿಸಿದ್ದು ಕಿಟಕಿಯ ಹತ್ತಿರದ ಬೆನ್ನಿಗೆ. ಉಜ್ಜುತ್ತಿದ್ದ ಕೈ ಒಂದು ಗಳಿಗೆ ನಿಂತಿತು, ಮತ್ತೆ ಉಜ್ಜಿತು.

ಸಂಜೆ ಅವಳು ಮನೆಗೆ ಹೋದ ಮೇಲೆ ಭಾವನಿಗೆ ತಡೆಯಲಾಗಲಿಲ್ಲ. "ಕೇಳೋದಾದ್ರೆ ಕೇಳೋ ಮಾರಾಯ."

"ಮುಗೀಲಿ ಭಾವ. ಇನ್ನೂ ಮುಗಿದಿಲ್ಲ."

"ಅವಳು ಊರು ಬಿಟ್ಟ ಮೇಲೆ ಮುಗಿಸಿ ಯಾರಿಗೆ ತೋರಿಸ್ತೀಯ?"

ಪಾಲಿಶಣ್ಣ ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ವರ್ಷ ಕಾಯುವ ಹಾಗೂ ಇಲ್ಲ, ಹಾಗೇ ತೋರಿಸುವ ಹಾಗೂ ಇಲ್ಲ. ಅವಳ ಕೈಯಲ್ಲಿ ಕೊನೇ ಕುರ್ಚಿಯ ಬೆತ್ತ ಮುಗಿಯುತ್ತಾ ಬಂದಿದ್ದ ದಿನ, ಭಾವ ಬೀರು ತಲುಪಿಸಲು ಹೋಗಿದ್ದಾಗ, ಪಾಲಿಶಣ್ಣ ಬೇರೆ ಯಾರೂ ಮಾಡದ ಕೆಲಸ ಮಾಡಿದ. ಹಿಂದಿನ ಕೋಣೆಗೆ ಹೋಗಿ, ಮರಕ್ಕೆ ಹಾಕುವ ಕರಿ ಬಣ್ಣದ ಪುಡಿಯನ್ನು ಚೂರು ಕಂದು ಬೆರೆಸಿ ಸ್ಪಿರಿಟ್ಟಿನಲ್ಲಿ ಕಲಸಿದ. ಪಕ್ಕದ ಕೂದಲಿಗೆ ಹಿಡಿದು ನೋಡಿದ. ಹೊಂದಿತು. ಬಣ್ಣ ಕಚ್ಚಿಕೊಳ್ಳಲಿ, ಸುರುಳಿಯೂ ನೆಟ್ಟಗಾಗಿ ಕೂರಲಿ ಅಂತ ನಾಲ್ಕು ಹನಿ ಅರಗನ್ನೂ ಸೇರಿಸಿ ತಲೆಗೆ ಹಚ್ಚಿಕೊಂಡ. ಮರಕ್ಕೆ ಉರಿಯುವುದಿಲ್ಲ, ತಲೆಗೆ ಉರಿಯುತ್ತೆ ಅನ್ನುವುದು ಆಮೇಲೆ ನೆನಪಾಯಿತು. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಹೊರಗೆ ಅವಳ ಹೆಜ್ಜೆ ಸಪ್ಪಳ. ಗಾಬರಿಯಲ್ಲಿ ಟೋಪಿ ಎಳೆದುಕೊಂಡ. ಅವಳು ಅತ್ತ ಹೋದಳು ಅಂತ ತೆಗೆಯಲು ನೋಡಿದರೆ ಟೋಪಿ ತಲೆಗೆ ಅಂಟಿ ಕೂತಿದೆ. ಎಳೆದರೆ ನೆಟ್ಟ ಪೈರೆಲ್ಲ ಕಿತ್ತು ಬರುತ್ತೆ.

ಏನೂ ಆಗದವನ ಹಾಗೆ ಬಂದು ಕಿಟಕಿಗೆ ಮುಖ ಮಾಡಿ ಕೂತ.

"ಏನಾಯ್ತು?" ಹಿಂದಿನಿಂದ ಅವಳು ಕೇಳಿದಳು.

"ಏನಿಲ್ಲ."

"ಏನಿಲ್ಲದಿದ್ರೆ ಕಿವಿ ಯಾಕೆ ಕೆಂಪಾಗಿದೆ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅರಗು ಅಂಟಿದೆ, ಬಿಸಿನೀರಿಗೆ ಬಟ್ಟೆ ಸೋಪು ಹಾಕಿದರೆ ಬಿಡುತ್ತೆ ಅಂತ ಗೋಡೆಗೆ ಹೇಳುವವನ ಹಾಗೆ ಹೇಳಿದ. ಅವಳು ಯಾಕೆ ಏನು ಅನ್ನದೆ ನೀರು ಕಾಯಿಸಿ ತಂದು, ಬೆತ್ತದ ತೊಟ್ಟಿಯ ಮೇಲೆ ಅವನ ತಲೆ ಬಗ್ಗಿಸಿ, ಟೋಪಿಯ ಅಂಚಿನಿಂದ ಬೆರಳಾಡಿಸುತ್ತಾ ನೆನೆಸಿದಳು. ಬಿಗಿದ ಬೆತ್ತವನ್ನು ಬಿಡಿಸುವ ಬೆರಳುಗಳವು, ಆತುರವಿರಲಿಲ್ಲ.

"ನನ್ನ ಮೇಲೆ ಯಾಕೆ ಕೋಪ ನಿಮಗೆ?" ಅಂದಳು. "ಮೊದಲು ಅಕ್ಕ ಅನ್ನೋದು ಬಿಟ್ರಿ. ಆಮೇಲೆ ಇವ್ರೇ ಅನ್ನೋದೂ ಬಿಟ್ರಿ. ತಿರುಗಿ ನೋಡೋದನ್ನೂ ಬಿಟ್ರಿ. ಇನ್ನೇನೂ ಉಳಿದಿಲ್ಲ ಅಂತ ನಾನು ಊರು ಬಿಡೋಕೆ ಹೊರಟೆ."

ಪಾಲಿಶಣ್ಣ ತೊಟ್ಟಿಯ ನೀರು ನೋಡುತ್ತಾ ಎಲ್ಲ ಹೇಳಿದ. ನೆತ್ತಿಯ ಹೊಳಪು, ಆಸ್ಪತ್ರೆ, ತುಕ್ಕಿನ ಬಣ್ಣ, ನಾರಿನಂಥ ಕೂದಲು. ಸರಿಹೋದ ಮೇಲೆ ತೋರಿಸಿ ಒಂದು ಮಾತು ಕೇಳೋಣ ಅಂತಿದ್ದೆ ಅಂದ. ಕೋಪವಿಲ್ಲದ ಅವನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು.

ಟೋಪಿ ಬಿಟ್ಟುಬಂತು. ಕರಿ ನೀರು ಇಳಿಯಿತು. ಅವಳು ಒಂದು ಸುರುಳಿಯನ್ನು ಬೆರಳಲ್ಲಿ ಬಿಡಿಸಿ ನೋಡಿದಳು. ನಗು ತಡೆದುಕೊಂಡಿದ್ದಾಳೆ ಅಂದುಕೊಂಡ.

"ಇದು ನನಗೆ ಗೊತ್ತಿರೋ ಕೂದಲು" ಅಂದಳು. "ಕ್ಷೌರ ತಡ ಆದಾಗೆಲ್ಲ ನಿಮ್ಮ ಕತ್ತಿನ ಮೇಲೆ ಹೀಗೇ ಏಳ್ತಿತ್ತು. ಇಷ್ಟು ವರ್ಷ ನಾನು ನೋಡ್ತಾ ಕೂತಿದ್ದು ಇದನ್ನೇ ಅಲ್ವಾ. ನಿಮ್ಮ ಮುಖ, ನೆತ್ತಿ ನೋಡಿದ್ದು ಎಷ್ಟು ಹೊತ್ತು ಹೇಳಿ."

ಅವನು ತಲೆ ಎತ್ತದೆ, "ಊರಿಗೆ ಹೋಗ್ಬೇಡಿ. ನನ್ನ ಜೊತೆ ಇರ್ತೀರಾ?" ಅಂದ.

"ನೀರಿನ ಹತ್ರ ಕೇಳ್ತಿದ್ದೀರೋ, ನನ್ನ ಹತ್ರ ಕೇಳ್ತಿದ್ದೀರೋ?"

ಪಾಲಿಶಣ್ಣ ತಿರುಗಿದ. ಹಣೆಯಿಂದ ಕರಿ ನೀರು ಹುಬ್ಬಿಗೆ ಇಳಿಯುತ್ತಿತ್ತು. ಅರ್ಧ ಕರಿ, ಅರ್ಧ ತುಕ್ಕಿನ ಗುಂಗುರು ನೆಟ್ಟಗೆ ಎದ್ದು ನಿಂತಿತ್ತು. ಕಿಟಕಿಯ ಬೆಳಕು ಪೂರ್ತಿ ಅದರ ಮೇಲೆ. ಅವಳ ಮುಖ ನೋಡಿಕೊಂಡೇ ಅದೇ ಮಾತನ್ನು ಇನ್ನೊಂದು ಸಲ ಕೇಳಿದ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ತಮ್ಮ ಸಂಜೆ ಮನೇಲಿರ್ತಾನೆ. ಬಂದು ಮಾತಾಡಿ. ಟೋಪಿ ಬೇಡ."

ಹಾಗೇ ಹೋದ. ಮಾತು ಮುಗಿಯುವವರೆಗೂ ಅವಳ ತಮ್ಮ ಇವನ ತಲೆಯನ್ನೇ ನೋಡುತ್ತಿದ್ದನಂತೆ, ಆದರೂ ಒಪ್ಪಿದ.

ಡಾಕ್ಟರಮ್ಮ ಹೇಳಿದ ಹಾಗೆ ವರ್ಷ ತುಂಬುವಷ್ಟರಲ್ಲಿ ತುಕ್ಕು ಹೋಗಿ ಕಪ್ಪಾಯಿತು, ನಾರು ಹೋಗಿ ಮೆತ್ತಗಾಯಿತು. ಗುಂಗುರು ಉಳಿಯಿತು. ನೆಟ್ಟನೆಯದೂ ಸುರುಳಿಯದೂ ಸೇರುವ ಗೆರೆ ಈಗಲೂ ಕಾಣುತ್ತೆ. ಗಿರಾಕಿಗಳು ನೋಡುತ್ತಾರೆ, ಅವನೂ ನೋಡಲು ಬಿಡುತ್ತಾನೆ. ಬೆಡ್‌ಶೀಟು ಎತ್ತಿದವರಿಗೆ ಮಾತ್ರ ಬಯ್ಗುಳ ತಪ್ಪಿಲ್ಲ. ಕಿಟಕಿಯ ಮುಂದೆ ಅವನು, ಹಿಂದೆ ತೊಟ್ಟಿಯ ಪಕ್ಕ ಅವಳು, ಕೂರುವ ಜಾಗವೂ ಬದಲಾಗಿಲ್ಲ. ಕ್ಷೌರದವನಿಗೆ ಹೇಳಿದ್ದೊಂದೇ ಹೊಸದು. ಕತ್ತಿನ ಮೇಲಿನದಕ್ಕೆ ಕತ್ತರಿ ಹಾಕಬೇಡ ಅಂತ.