ನರಕೋಶದ ತುದಿಯಲ್ಲಿ ಗೋಳಿಬಜೆ

ಮಿಜಾರಿನ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ನೋಡಿಕೊಳ್ಳುವ ಜಲಜಾಕ್ಷಿಗೆ ವಿಜ್ಞಾನದ ಮೇಲೆ ಮೂವತ್ತಾರು ವರ್ಷ ಹಳೆಯ ಸಿಟ್ಟಿತ್ತು. ಕೊಕ್ಕಡದ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಬರೆಯುವಾಗ ಮೂತ್ರಪಿಂಡದ ಚಿತ್ರ ಬರೆಯಿರಿ ಎಂದು ಕೇಳಿದ್ದರು. ಅವಳು ಮೂತ್ರಪಿಂಡವನ್ನು ನೋಡಿದವಳಲ್ಲ. ಗೇರುಬೀಜದ ಹಾಗೆ ಇರುತ್ತದೆ ಎಂದು ಮಾಸ್ಟ್ರು ಹೇಳಿದ್ದು ಮಾತ್ರ ನೆನಪಿತ್ತು. ಗೇರುಬೀಜವನ್ನು ಬಹಳ ಚಂದ ಬರೆದಳು. ಬೀಜ ಒಂದೇ ಇದ್ದರೆ ಬೋಳುಬೋಳಾಗಿ ಕಾಣುತ್ತದೆ ಎಂದು ಮೇಲೊಂದು ಹಣ್ಣನ್ನೂ ಬರೆದಳು. ಹಣ್ಣಿಗೊಂದು ಎಲೆ. ಫೇಲಾದದ್ದು ನಾಲ್ಕೇ ಅಂಕಕ್ಕೆ. ಆ ನಾಲ್ಕು ಅಂಕ ಎಲೆಯದ್ದೇ ಎಂದು ಅವಳು ಈಗಲೂ ನಂಬಿದ್ದಾಳೆ.

ಅಡುಗೆಯಲ್ಲಿ ಮಾತ್ರ ಅವಳನ್ನು ಫೇಲ್ ಮಾಡುವವರು ಮೂಡುಬಿದಿರೆಯ ಆಸುಪಾಸಿನಲ್ಲಿ ಯಾರೂ ಇರಲಿಲ್ಲ. ಅವಳಿಗೊಂದು ಹಟವಿತ್ತು. ಕರಿದ ತಿಂಡಿಯನ್ನು ತಿನ್ನುವಲ್ಲೇ ಕರಿಯಬೇಕು. ಮೈದಾ ಹಿಟ್ಟಿನ ಗುಂಡನೆಯ ಗೋಳಿಬಜೆ ಬಾಣಲೆಯಿಂದ ಎದ್ದು ಐವತ್ತು ಹೆಜ್ಜೆ ನಡೆದರೆ ಅದು ಗೋಳಿಬಜೆ ಅಲ್ಲ, ಗೋಳಿ ಮಾತ್ರ ಎನ್ನುತ್ತಿದ್ದಳು. ಬೆಳ್ತಂಗಡಿಯಲ್ಲಿ ಅವಳ ನಾದಿನಿಯ ಮಗಳ ನಿಶ್ಚಿತಾರ್ಥ ನಡೆದಾಗ ತಿಂಡಿಯನ್ನು ಮನೆಯಲ್ಲಿ ಕರಿದು ಜೀಪಿನಲ್ಲಿ ಹಾಲ್‌ಗೆ ಕಳಿಸುವುದೆಂದು ಗಂಡಸರು ತೀರ್ಮಾನಿಸಿದ್ದರು. ಜಲಜಾಕ್ಷಿ ತಿಂಡಿಯ ಬದಲು ಒಲೆಯನ್ನೇ ಜೀಪಿಗೆ ಹತ್ತಿಸಿದಳು. ಆ ನಿಶ್ಚಿತಾರ್ಥದ ಆಲ್ಬಮ್ಮಿನಲ್ಲಿ ಉಂಗುರ ಹಾಕುವ ಫೋಟೋ ಒಂದು ಉಂಟು. ಅದರಲ್ಲಿ ಹುಡುಗ ಹುಡುಗಿ ಇಬ್ಬರೂ ಹೊಗೆಯೊಳಗೆ ದೇವತೆಗಳ ಹಾಗೆ ಕಾಣುತ್ತಾರೆ.

ಹೀಗಿದ್ದವಳ ಹತ್ತಿರ ಕಳೆದ ಜನವರಿಯಲ್ಲಿ ಪ್ರಾಪ್ತಿ ಟೀಚರ್ ಬಂದಳು. ಪ್ರಾಪ್ತಿ ಜೀವಶಾಸ್ತ್ರ ಕಲಿಸುವವಳು, ಇಪ್ಪತ್ತೆಂಟರ ಹುಡುಗಿ, ಮಾತಾಡುವಾಗ ಎರಡೂ ಕೈಯನ್ನು ಬೀಸುತ್ತಾಳೆ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ನರಕೋಶದ ಒಂದು ಮಾದರಿ ಮಾಡಬೇಕಿತ್ತು. ಥರ್ಮೋಕೋಲಿನದ್ದು ಎಲ್ಲರೂ ಮಾಡುತ್ತಾರೆ, ನಾವು ಮನುಷ್ಯರನ್ನೇ ನಿಲ್ಲಿಸಿ ಮಾಡುವ ಎಂದು ಅವಳಿಗೆ ಹೊಳೆದಿತ್ತು. ಹಾಸ್ಟೆಲಿನ ಅಡುಗೆಮನೆಯೇ ನರಕೋಶದ ಒಡಲು. ಅಲ್ಲಿಂದ ವಾಲಿಬಾಲ್ ಅಂಗಳ ದಾಟಿ ಸಭಾಂಗಣದವರೆಗಿನ ಇನ್ನೂರು ಹೆಜ್ಜೆಯ ದಾರಿ ಕೋಶದ ಉದ್ದನೆಯ ಕೊಂಬೆ. ಸಭಾಂಗಣದ ಒಂದು ಮೇಜು ಸಿನಾಪ್ಸ್, ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗ. ಆ ಜಾಗಕ್ಕೆ ಪ್ರೊಟೀನು ಬೇಕು. ಪ್ರೊಟೀನಿನ ಪಾತ್ರಕ್ಕೆ ಗೋಳಿಬಜೆ.

ವಿಜ್ಞಾನದ ಹೆಸರು ಕೇಳಿದ ಕೂಡಲೇ ಜಲಜಾಕ್ಷಿ ಮುಖ ತಿರುಗಿಸಿದಳು. ಗೋಳಿಬಜೆಯ ಹೆಸರು ಕೇಳಿ ಮುಖವನ್ನು ಅರ್ಧ ವಾಪಸ್ ತಂದಳು. ಎಷ್ಟು ಬೇಕು ಎಂದು ಮಾತ್ರ ಕೇಳಿದಳು.

ತಾಲೀಮಿನ ದಿನ ನಲವತ್ತು ಗೋಳಿಬಜೆ ಅಡುಗೆಮನೆಯಿಂದ ಹೊರಟಿತು. ಹೊತ್ತುಕೊಂಡು ಹೋದವಳು ರಶೀನಾ, ಕನ್ಯಾನದ ಹುಡುಗಿ, ಎರಡನೇ ವರ್ಷದ ಬಿ.ಎಸ್ಸಿ. ದಾರಿಯುದ್ದಕ್ಕೂ ಹಾಸ್ಟೆಲಿನವರು ನಿಂತಿದ್ದರು. ರಶೀನಾ ಪಾಪ, ಯಾರಿಗೂ ಇಲ್ಲ ಎನ್ನಲಾರದವಳು. ಸಿನಾಪ್ಸಿಗೆ ಮುಟ್ಟಿದ್ದು ಹನ್ನೊಂದು, ಅವೂ ತಣ್ಣಗೆ. ಜಲಜಾಕ್ಷಿ ಒಂದನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿದಳು. ಪ್ರಾಪ್ತಿಗೆ ನಾಚಿಕೆಯಾಯಿತು. ನಿಜವಾಗಿ ನರಕೋಶದೊಳಗೆ ಹೀಗೆ ಆಗುವುದಿಲ್ಲ ಜಲಜಕ್ಕ, ಎಂದು ಸಮಾಧಾನ ಹೇಳಲು ಹೊರಟಳು. ಒಡಲಿನಲ್ಲೇ ತಯಾರಾಗಿ ಹೋಗುವ ಪ್ರೊಟೀನುಗಳೂ ಬೇಕಾದಷ್ಟು ಉಂಟು. ಆದರೆ ಕೊಂಬೆಯ ತುದಿ ಬಹಳ ದೂರ, ಅಲ್ಲಿ ಗಡಿಬಿಡಿಯಲ್ಲಿ ಬೇಕಾಗುತ್ತದೆ. ಹಾಗಾಗಿ ಪ್ರೊಟೀನು ಮಾಡುವ ವಿಧಾನದ ಚೀಟಿ ಮಾತ್ರ ಒಡಲಿನಿಂದ ಹೋಗುತ್ತದೆ, ಅದಕ್ಕೆ ಆರ್‌ಎನ್‌ಎ ಎನ್ನುತ್ತಾರೆ. ಚೀಟಿ ಓದಿ ಪ್ರೊಟೀನು ಮಾಡುವ ರೈಬೋಸೋಮ್ ಎಂಬ ಯಂತ್ರಗಳು ಸಿನಾಪ್ಸಿನ ಬುಡದಲ್ಲೇ ಕುಳಿತಿರುತ್ತವೆ. ಸುದ್ದಿ ಬಂದ ಕೂಡಲೇ ಅಲ್ಲೇ ಮಾಡಿ ಅಲ್ಲೇ ಬಡಿಸುತ್ತವೆ. ನಾವು ಕಲಿತದ್ದು ನೆನಪಿನಲ್ಲಿ ಉಳಿಯಲಿಕ್ಕೂ ಈ ಕೆಲಸ ನಡೆಯಬೇಕು.

ಜಲಜಾಕ್ಷಿ ಹಿಚುಕಿದ ಗೋಳಿಬಜೆಯನ್ನು ಪ್ರಾಪ್ತಿಯ ಮುಂದೆ ಇಟ್ಟಳು.

"ಹಾಗಾದರೆ ಆ ಕೋಶಕ್ಕೆ ನಿಮಗಿಂತ ಹೆಚ್ಚು ಬುದ್ಧಿ ಉಂಟು ಟೀಚರ್," ಎಂದಳು.

ಸಭಾಂಗಣದೊಳಗೆ ಒಲೆ ಹಚ್ಚಬಾರದೆಂದು ಪ್ರಾಂಶುಪಾಲರ ನಿಯಮ, ಅದಕ್ಕೇ ಹೀಗೆ ಮಾಡಿದ್ದು ಎಂದು ಪ್ರಾಪ್ತಿ ವಿವರಿಸಿದಳು. ನಿಯಮದ ವಿಷಯ ನನಗೆ ಬಿಡಿ ಎಂದು ಜಲಜಾಕ್ಷಿ ಸೆರಗು ಸಿಕ್ಕಿಸಿದಳು. ಮರುದಿನ ಹತ್ತು ಗಂಟೆಗೆ ಪ್ರಾಂಶುಪಾಲರ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಳು. ಒಂದರಲ್ಲಿ ನಿನ್ನೆಯ ಹನ್ನೊಂದರಲ್ಲಿ ಒಂದು. ಇನ್ನೊಂದರಲ್ಲಿ ಕಚೇರಿಯ ಜಗಲಿಯಲ್ಲೇ ಒಲೆ ಇಟ್ಟು ಆಗಷ್ಟೇ ಕರಿದದ್ದು. ಕೈಕಟ್ಟಿ ನಿಂತಳು. ಪ್ರಾಂಶುಪಾಲರು ಮೊದಲನೆಯದನ್ನು ಕಚ್ಚಿ ಕೆಳಗಿಟ್ಟರು. ಎರಡನೆಯದನ್ನು ತಿಂದು, ಇನ್ನೊಂದು ಉಂಟಾ ಎಂದು ಕೇಳಿ, ಅದನ್ನೂ ತಿಂದು, ಸಭಾಂಗಣದ ಹೊರಗೆ ಕಿಟಕಿಯ ಪಕ್ಕ ಒಲೆ ಇಡಬಹುದೆಂದು ಬರೆದುಕೊಟ್ಟರು. ಕಾಗದದ ಅಂಚಿಗೆ ಎಣ್ಣೆ ಹತ್ತಿತ್ತು.

ಅಲ್ಲಿಂದ ಜಲಜಾಕ್ಷಿಗೆ ಇದು ತನ್ನದೇ ಕೆಲಸವಾಯಿತು, ರೈಬೋಸೋಮಿನ ಪಾತ್ರವೂ ಅವಳದ್ದೇ. ಅಡುಗೆಮನೆಯಿಂದ ಒಲೆಯ ಹತ್ತಿರ ಹೋಗುವ ಚೀಟಿಯಲ್ಲಿ ಪ್ರಾಪ್ತಿ ಬಣ್ಣದ ಚುಕ್ಕಿಗಳನ್ನು ಸಾಲಾಗಿ ಇಟ್ಟಿದ್ದಳು. ಮೂರು ಮೂರು ಚುಕ್ಕಿ ಸೇರಿದರೆ ಒಂದು ಸಾಮಾನು. ಕೆಂಪು, ಹಸಿರು, ಹಸಿರು ಎಂದರೆ ಮೈದಾ. ಹಳದಿ, ಕೆಂಪು, ನೀಲಿ ಎಂದರೆ ಹುಳಿ ಮೊಸರು. ರೈಬೋಸೋಮ್ ಕೂಡ ಹೀಗೆ ಮೂರು ಮೂರು ಅಕ್ಷರ ಓದುತ್ತಾ ಒಂದೊಂದೇ ತುಂಡು ಜೋಡಿಸಿ ಪ್ರೊಟೀನಿನ ಸರ ಮಾಡುತ್ತದಂತೆ. ಜಲಜಾಕ್ಷಿ ಕನ್ನಡಕ ಹಾಕಿ ಓದಿ, ಇದರಲ್ಲಿ ಶುಂಠಿಯೇ ಇಲ್ಲವಲ್ಲ ಎಂದಳು. ರೈಬೋಸೋಮ್ ತಕರಾರು ಮಾಡುವುದಿಲ್ಲ, ಬರೆದದ್ದನ್ನು ಮಾಡುತ್ತದೆ ಎಂದಳು ಪ್ರಾಪ್ತಿ. ಶುಂಠಿ ಇಲ್ಲದ ಗೋಳಿಬಜೆಗೆ ತಾನು ಕೈ ಹಾಕುವುದಿಲ್ಲ, ಬೇಕಾದರೆ ಬೇರೆ ರೈಬೋಸೋಮನ್ನು ನೋಡಿಕೊಳ್ಳಿ ಎಂದಳು ಜಲಜಾಕ್ಷಿ. ಕೊನೆಗೆ ಚೀಟಿಗೆ ಮೂರು ಚುಕ್ಕಿ ಹೆಚ್ಚಾಯಿತು.

ಇನ್ನೊಂದು ತೊಂದರೆ, ಗೋಳಿಬಜೆ ಮೇಜಿನ ಮೇಲೆ ನಿಲ್ಲುತ್ತಿರಲಿಲ್ಲ. ಉರುಳಿ ಬೀಳುತ್ತಿತ್ತು. ಇದು ಸರಿಯಾಗಿಯೇ ಉಂಟು ಎಂದು ಪ್ರಾಪ್ತಿ ಕೈ ಬೀಸಿದಳು. ಸುದ್ದಿ ಹಿಡಿಯುವ ಪ್ರೊಟೀನುಗಳು ಕೋಶದ ಪೊರೆಯಲ್ಲಿ ತೇಲಾಡುತ್ತಾ ಎತ್ತಲೋ ಹೋಗಿಬಿಡಬಹುದು. ಸುದ್ದಿ ಬೀಳುವ ಜಾಗಕ್ಕೆ ಎದುರಾಗಿ ಅವುಗಳನ್ನು ಹಿಡಿದಿಡಲು ಪೊರೆಯ ಕೆಳಗೆ ಬೇರೆ ಪ್ರೊಟೀನುಗಳ ಒಂದು ಅಟ್ಟಳಿಗೆ ಇರುತ್ತದೆ. ಜಲಜಾಕ್ಷಿ ಹಿತ್ತಿಲಿಗೆ ಹೋಗಿ ಒಂದು ಬಾಳೆದಿಂಡು ಕಡಿದು ತಂದಳು, ಉದ್ದಕ್ಕೆ ಸೀಳಿ ಮಗುಚಿ ಹಾಕಿ ತೆಂಗಿನ ಗರಿಯ ಕಡ್ಡಿ ಚುಚ್ಚಿದಳು. ಒಂದು ಕಡ್ಡಿಗೆ ಒಂದು ಗೋಳಿಬಜೆ. ಅಲುಗಾಡಲಿಲ್ಲ.

ಕೊನೆಯದಾಗಿ ಒಂದು ತಡೆ ಬೇಕಿತ್ತು. ಚೀಟಿ ತುದಿಗೆ ಮುಟ್ಟಿದರೂ ಸುದ್ದಿ ಬರುವವರೆಗೆ ಕೆಲಸ ಶುರುವಾಗದ ಹಾಗೆ ಹಿಡಿದು ನಿಲ್ಲಿಸುವ ಪ್ರೊಟೀನೂ ಕೋಶದಲ್ಲಿ ಉಂಟಂತೆ. ಆ ಪಾತ್ರಕ್ಕೆ ಗೇಟಿನ ವಾಚ್‌ಮನ್ ಧರ್ಣಪ್ಪನವರನ್ನು ಆರಿಸಿದರು. ಇಪ್ಪತ್ತು ವರ್ಷದಿಂದ ಜನರನ್ನು ತಡೆದೇ ಬದುಕಿದವರು. ಹಿಟ್ಟಿನ ಪಾತ್ರೆಯ ಮುಚ್ಚಳವನ್ನು ಒತ್ತಿ ಹಿಡಿದುಕೊಳ್ಳುವುದು, ಗಂಟೆ ಹೊಡೆದಾಗ ಮಾತ್ರ ಒಮ್ಮೆ ತೆರೆಯುವುದು ಅವರ ಕೆಲಸ. ಮುಚ್ಚಳ ಹಿಡಿದ ಮೇಲೆ ಜಲಜಾಕ್ಷಿಗೂ ಉಪ್ಪು ನೋಡಲು ಬಿಡಲಿಲ್ಲ.

ಪ್ರದರ್ಶನದ ದಿನ ಮೊದಲ ಒಂದು ಗಂಟೆ ಎಲ್ಲವೂ ಚಂದ ನಡೆಯಿತು. ನೋಡಲು ಬಂದವರು ಮೇಜಿನ ಆಚೆಯಿಂದ ಮಂಡಕ್ಕಿ ಎಸೆಯಬೇಕು. ಮಂಡಕ್ಕಿಯೇ ಸುದ್ದಿ ತರುವ ರಾಸಾಯನಿಕ. ಸಾಕಷ್ಟು ಮಂಡಕ್ಕಿ ಬಂದು ಬಿದ್ದರೆ ರಶೀನಾ ಗಂಟೆ ಹೊಡೆಯುತ್ತಾಳೆ, ಧರ್ಣಪ್ಪ ಮುಚ್ಚಳ ತೆರೆಯುತ್ತಾರೆ, ಜಲಜಾಕ್ಷಿ ಕರಿಯುತ್ತಾಳೆ, ಕಿಟಕಿಯಿಂದ ಬಿಸಿಬಿಸಿ ಪ್ರೊಟೀನು ಒಳಗೆ ಬಂದು ಬಾಳೆದಿಂಡಿನ ಮೇಲೆ ಕೂರುತ್ತದೆ.

ಹನ್ನೊಂದೂವರೆಗೆ ಎರಡು ಸಂಗತಿ ಒಟ್ಟಿಗೆ ಆದವು. ಯಾವುದೋ ಶಾಲೆಯ ಎಪ್ಪತ್ತು ಮಕ್ಕಳು ಬಸ್ಸಿನಿಂದ ಇಳಿದರು. ಆ ಬಸ್ಸು ಗೇಟಿಗೆ ಅಡ್ಡ ನಿಂತು, ತೀರ್ಪುಗಾರರ ಕಾರು ಹೊರಗೇ ಸಿಕ್ಕಿಹಾಕಿಕೊಂಡಿತು. ಯಾರೋ ಬಂದು ಕರೆದದ್ದೇ ಧರ್ಣಪ್ಪ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ಗೇಟಿಗೆ ಓಡಿದರು.

ಮಂಡಕ್ಕಿ ಎಸೆದರೆ ಗೋಳಿಬಜೆ ಬರುತ್ತದೆ ಎಂಬ ವಿಜ್ಞಾನ ಮಕ್ಕಳಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಮಂಡಕ್ಕಿ ಆಲಿಕಲ್ಲಿನಂತೆ ಬೀಳತೊಡಗಿತು. ರಶೀನಾ ಗಂಟೆ ಹೊಡೆದಳು, ಹೊಡೆಯುತ್ತಲೇ ಇದ್ದಳು. ಆಮೇಲಾಮೇಲೆ ಗಂಟೆ ನಿಂತರೂ ಕರಿಯುವುದು ನಿಲ್ಲಲಿಲ್ಲ, ಮುಚ್ಚಳವೇ ಇರಲಿಲ್ಲವಲ್ಲ. ಜಲಜಾಕ್ಷಿಯ ಕೈ ತನ್ನಷ್ಟಕ್ಕೆ ಹಿಟ್ಟು ಬಿಡುತ್ತಿತ್ತು. ಅವಳಿಗೆ ಒಳಗೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಬೇಡಿಕೆ ಉಂಟೆಂದು ಸಂತೋಷವೂ ಆಗಿತ್ತು. ಬಾಳೆದಿಂಡಿನ ಕಡ್ಡಿಗಳೆಲ್ಲ ತುಂಬಿ, ಹೆಚ್ಚಾದವು ಮೇಜಿನ ಮೇಲೆ ರಾಶಿಯಾಗಿ, ರಾಶಿ ಕುಸಿದು ಸಭಾಂಗಣದ ತುಂಬ ಉರುಳಿದವು.

ಗೇಟು ದಾಟಿ ಒಳಗೆ ಬಂದ ತೀರ್ಪುಗಾರರು ಬಂಟ್ವಾಳದ ನರರೋಗದ ಡಾಕ್ಟರ್ ಅಬ್ದುಲ್ ರವೂಫ್. ಮೂರನೇ ಹೆಜ್ಜೆಗೆ ಒಂದು ಗೋಳಿಬಜೆಯನ್ನು ಮೆಟ್ಟಿದರು. ಜಾರಿ, ಪಕ್ಕದವರ ಸೌರವ್ಯೂಹದ ಮಾದರಿಯಲ್ಲಿ ಗುರುಗ್ರಹದ ಮೇಲೆ ಕುಳಿತರು. ಗುರು ಥರ್ಮೋಕೋಲಿನದ್ದಾಗಿದ್ದರಿಂದ ಅವರಿಗೆ ಪೆಟ್ಟಾಗಲಿಲ್ಲ. ಗುರು ಉಳಿಯಲಿಲ್ಲ.

ಪ್ರಾಪ್ತಿಯ ಕೈಗಳು ಮೊದಲ ಬಾರಿ ಬೀಸದೆ ನಿಂತವು. ಡಾಕ್ಟರು ಎದ್ದು, ಪ್ಯಾಂಟು ಕೊಡವಿ, ಕಿಟಕಿಯ ಹತ್ತಿರ ಬಂದು, ಜಾಲರಿ ಸೌಟು ಹಿಡಿದಿದ್ದ ಹೆಂಗಸನ್ನು ಇಲ್ಲಿ ಎಂತ ಆಯಿತಮ್ಮಾ ಎಂದು ಕೇಳಿದರು.

ಜಲಜಾಕ್ಷಿ ಒಳಗೆ ಇಣುಕಿ, ನೆಲ ನೋಡಿ, ವಿಷಯ ತಿಳಿದುಕೊಂಡಳು. ಒಲೆ ಆರಿಸಿದಳು.

"ತಡೆ ಗೇಟಿಗೆ ಹೋಗಿದೆ ಡಾಕ್ಟ್ರೇ," ಎಂದಳು. "ತಡೆ ಇಲ್ಲದಿದ್ದರೆ ನಾವು ಬೇಕು ಬೇಡ ನೋಡದೆ ಮಾಡ್ತಾ ಇರ್ತೇವೆ. ಕೆಲವು ಮಕ್ಕಳ ತಲೆಯಲ್ಲಿ ಹುಟ್ಟುವಾಗಲೇ ಆ ತಡೆ ಇರುವುದಿಲ್ಲವಂತೆ. ಆಗ ಸಿನಾಪ್ಸಿನಲ್ಲಿ ಹೀಗೇ ರಾಶಿ ಬಿದ್ದು, ಕಲಿಯುವುದು ಅವರಿಗೆ ಕಷ್ಟ. ಟೀಚರ್ ಹೇಳಿದ್ದು."

ಡಾಕ್ಟರ್ ರವೂಫ್ ಮೇಜಿನ ರಾಶಿಯಿಂದ ಒಂದನ್ನು ಎತ್ತಿಕೊಂಡರು. ಅಂಥ ಮಕ್ಕಳ ತಂದೆತಾಯಿಗೆ ಇದನ್ನು ಅರ್ಥ ಮಾಡಿಸಲು ತಾನು ಎಷ್ಟೋ ವರ್ಷದಿಂದ ಒದ್ದಾಡುತ್ತಿದ್ದೇನೆ, ಒಮ್ಮೆಯೂ ಇಷ್ಟು ಬೇಗ ಆದದ್ದಿಲ್ಲ ಎಂದರು. ಮತ್ತೆ, ಈ ಹೆಚ್ಚಾದ ಪ್ರೊಟೀನನ್ನು ಎಂತ ಮಾಡುವುದು ಎಂದು ಕೇಳಿದರು. ಕೋಶದಲ್ಲಿ ಬೇಡದ್ದನ್ನು ತುಂಡರಿಸಿ ಮುಗಿಸಲು ಬೇರೆ ಯಂತ್ರ ಉಂಟು, ಇಲ್ಲಿ ಎಪ್ಪತ್ತು ಬಂದಿದ್ದಾವೆ ಎಂದು ಜಲಜಾಕ್ಷಿ ಮಕ್ಕಳನ್ನು ತೋರಿಸಿದಳು. ನೆಲದ್ದು ಬಿಟ್ಟು ಮೇಜಿನದ್ದೆಲ್ಲ ಐದು ನಿಮಿಷದಲ್ಲಿ ಮುಗಿಯಿತು. ಡಾಕ್ಟರೂ ಆರು ತಿಂದರು.

ಎರಡನೇ ಬಹುಮಾನ ಬಂತು. ಮೊದಲನೆಯದನ್ನು ಸೌರವ್ಯೂಹದವರಿಗೆ ಕೊಟ್ಟರು, ಪರಿಹಾರದ ರೂಪದಲ್ಲಿ ಎಂದು ಜಲಜಾಕ್ಷಿಯ ಅಭಿಪ್ರಾಯ.

ವಾರದ ನಂತರ ಪ್ರಮಾಣಪತ್ರಗಳು ಬಂದವು. ಹೆಸರಿನ ಎದುರು ಪಾತ್ರದ ಹೆಸರನ್ನೂ ಅಚ್ಚು ಹಾಕಿಸಿದ್ದರು: ಜಲಜಾಕ್ಷಿ, ರೈಬೋಸೋಮ್. ಅವಳು ಅದರ ಫೋಟೋ ತೆಗೆದು ಕೊಕ್ಕಡದ ಅಣ್ಣ ಶಂಭುವಿಗೆ ಕಳಿಸಿದಳು. ಶಂಭು ಗಾಬರಿಯಿಂದ ಫೋನ್ ಮಾಡಿ, ಇದು ಯಾವಾಗಿಂದ ಉಂಟು, ಮದ್ದು ತೆಗೆದುಕೊಳ್ತಾ ಇದ್ದೀಯಾ ಎಂದು ವಿಚಾರಿಸಿದ. ಇದು ಕಾಯಿಲೆಯಲ್ಲ ಅಣ್ಣ, ನಿನ್ನ ಮೈಯಲ್ಲೂ ಕೋಟಿಗಟ್ಟಲೆ ಉಂಟು ಎಂದು ಅವಳು ಧೈರ್ಯ ಹೇಳಿದಳು.

ಮರುದಿನ ಬೆಳಿಗ್ಗೆ ಶಂಭು ಖಾಲಿ ಹೊಟ್ಟೆಯಲ್ಲಿ ಬೆಳ್ತಂಗಡಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡ. ಎಲ್ಲ ಸರಿಯಾಗಿ ಉಂಟೆಂದು ರಿಪೋರ್ಟು ಬಂತು. ಅವನು ಅದನ್ನೂ ಫೋಟೋ ತೆಗೆದು ತಂಗಿಗೆ ಕಳಿಸಿದ, ನನಗೆ ಇಲ್ಲವಂತೆ, ನೀನು ಜಾಗ್ರತೆ ಎಂದು ಬರೆದು.